ಕಿರುಚಿತ್ರ ಮಾಡೋಕೆ ಹೊರಟಿದ್ದೀರಾ? ಮೊದಲು ಎದುರುಗಡೆ ಹಿಟ್ಟಿನ ಗಿರಣಿ ಇದೆಯಾ ನೋಡಿ

ನಾವು ಆರು ಜನ. ಡಿಗ್ರಿ ಕೊನೆ ವರ್ಷ, ಪತ್ರಿಕೋದ್ಯಮ ವಿಭಾಗ, ಮೈಸೂರು. ಪ್ರಾಜೆಕ್ಟ್ ಅಂತ ಒಂದು ಕಿರುಚಿತ್ರ ಮಾಡಬೇಕಿತ್ತು. ಎರಡು ತಿಂಗಳು ಕ್ಯಾಂಟೀನಲ್ಲಿ ಕೂತು ನಾವು ಮಾತಾಡಿದ್ದೆಲ್ಲ ಕ್ಯಾಮೆರಾ ಬಗ್ಗೆ. ಯಾವ ಬಾಡಿ, ಯಾವ ಲೆನ್ಸು, ಗಿಂಬಲ್ (ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಸಾಧನ) ಬೇಕಾ ಬೇಡವಾ. ಕೊನೆಗೆ ನಮ್ಮನ್ನು ಮುಳುಗಿಸಿದ್ದು ಕ್ಯಾಮೆರಾ ಅಲ್ಲ. ಒಂದು ಹಿಟ್ಟಿನ ಗಿರಣಿ, ಒಂದು ಹೊಲಿಗೆ ಮಷಿನ್ನು, ಒಂದು ಎಫ್‌ಎಂ ರೇಡಿಯೊ. ಮೂರೂ ಸದ್ದು ಮಾಡುವ ವಸ್ತುಗಳೇ. ಚಿತ್ರ ಚೆನ್ನಾಗಿ ಕಾಣಿಸುತ್ತಿತ್ತು, ಒಂದು ಮಾತೂ ಕೇಳಿಸುತ್ತಿರಲಿಲ್ಲ.

ನೀವು ಈಗ ಅದೇ ಕ್ಯಾಂಟೀನ್ ಹಂತದಲ್ಲಿದ್ದರೆ ಇದನ್ನು ಓದಿ. ನಾವು ಮಾಡಿದ ಕ್ರಮದಲ್ಲಿ ಅಲ್ಲ, ಮಾಡಬೇಕಾಗಿದ್ದ ಕ್ರಮದಲ್ಲಿ ಬರೆದಿದ್ದೇನೆ.

ಕಥೆ: ಕೈಗೆ ಸಿಗುವುದರಿಂದ ಶುರು ಮಾಡಿ

ನಮ್ಮ ಮೊದಲ ಕಥೆಯಲ್ಲಿ ಒಂದು ಪೊಲೀಸ್ ಸ್ಟೇಷನ್, ಒಂದು ಆಸ್ಪತ್ರೆ, ರಾತ್ರಿ ಮಳೆ ಎಲ್ಲ ಇತ್ತು. ಮೇಷ್ಟ್ರು ಓದಿ, "ಮಳೆ ಯಾರು ಸುರಿಸ್ತಾರಪ್ಪಾ?" ಅಂತ ಕೇಳಿದರು, ಅಷ್ಟೇ. ಅಲ್ಲಿಗೆ ಆ ಕಥೆ ಮುಗಿಯಿತು.

ಆಮೇಲೆ ಉಲ್ಟಾ ಹೊರಟೆವು. ಒಂದು ಹಾಳೆ ತೆಗೆದುಕೊಂಡು ನಮಗೆ ಪುಕ್ಕಟೆ ಸಿಗುವ ಜಾಗ, ಜನ, ಸಾಮಾನು ಏನೇನಿದೆ ಅಂತ ಬರೆದೆವು. ಒಬ್ಬನ ಚಿಕ್ಕಪ್ಪನದು ಅಗ್ರಹಾರದಲ್ಲಿ ಟೈಲರ್ ಅಂಗಡಿ. ಇನ್ನೊಬ್ಬಳ ಪಕ್ಕದ ಮನೆಯವರು ಬ್ಯಾಂಕಿನಿಂದ ರಿಟೈರ್ ಆಗಿದ್ದರು, ಹವ್ಯಾಸಿ ನಾಟಕಗಳಲ್ಲಿ ಮೂವತ್ತು ವರ್ಷ ಪಾತ್ರ ಮಾಡಿದವರು. ಒಂದು ಹಳೇ ಸ್ಕೂಟರ್ರು. ಇಷ್ಟರಿಂದಲೇ ಕಥೆ ಹುಟ್ಟಿತು. ಐದು ವರ್ಷದ ಹಿಂದೆ ಯಾರೋ ಹೊಲಿಯೋಕೆ ಕೊಟ್ಟ ಶರ್ಟು ಅಂಗಡಿಯಲ್ಲಿ ಹಾಗೇ ತೂಗಾಡುತ್ತಿದೆ. ಅಂಗಡಿ ಮುಚ್ಚುವ ಮುಂಚೆ ಅದನ್ನು ಕೊಟ್ಟು ಬರೋಣ ಅಂತ ಟೈಲರ್ ಹೊರಡುತ್ತಾನೆ. ಮುಗೀತು.

ಚಿಕ್ಕ ಕಥೆ ಅಂತ ಬೇಜಾರು ಮಾಡ್ಕೋಬೇಡಿ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆದದ್ದು ಕನ್ನಡದ್ದೇ ಒಂದು ಕಿರುಚಿತ್ರ. ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಓದುತ್ತಿದ್ದಾಗ ಚಿದಾನಂದ ಎಸ್. ನಾಯಕ್ ಮಾಡಿದ್ದು. ಹದಿನಾರು ನಿಮಿಷ, ನಾಲ್ಕು ದಿನದ ಶೂಟಿಂಗ್. ಕಥೆ ಏನು? ಒಬ್ಬ ಅಜ್ಜಿ ಊರಿನ ಹುಂಜ ಕದ್ದುಬಿಡುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಅಜ್ಜಿಯಂದಿರು ಹೇಳೋ ಕಥೆ ಅಷ್ಟೇ ಅಲ್ವಾ.

ಒಂದು ಲೆಕ್ಕ ಇಟ್ಟುಕೊಳ್ಳಿ: ಮೊದಲ ಸಲಕ್ಕೆ ಎರಡು ಲೊಕೇಶನ್, ಮೂರು ಪಾತ್ರ, ಹಗಲು. ರಾತ್ರಿ ದೃಶ್ಯ ಬರೆದರೆ ಲೈಟು ಬೇಕು, ಲೈಟು ಅಂದರೆ ಬಾಡಿಗೆ, ಬಾಡಿಗೆ ಅಂದರೆ ಅಪ್ಪನಿಗೆ ಫೋನು.

ಸ್ಕ್ರಿಪ್ಟ್: ಗಟ್ಟಿಯಾಗಿ ಓದಿ, ಗಡಿಯಾರ ಹಿಡಿದು ಓದಿ

ಒಂದು ಪುಟ ಅಂದರೆ ಒಂದು ನಿಮಿಷ ಅಂತ ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಇರುವುದು ಇಂಗ್ಲಿಷಿನ ಒಂದು ನಿರ್ದಿಷ್ಟ ಅಕ್ಷರ ಅಳತೆಗೆ, ಅದರದೇ ಮಾರ್ಜಿನ್ನಿಗೆ. ನಾವು ಕನ್ನಡದಲ್ಲಿ ನಮಗೆ ತೋಚಿದ ಸೈಜಿನಲ್ಲಿ ಟೈಪ್ ಮಾಡಿ ಒಂಬತ್ತು ಪುಟ ಬಂತು, ಒಂಬತ್ತು ನಿಮಿಷದ ಸಿನಿಮಾ ಅಂದುಕೊಂಡೆವು. ಮೊದಲ ಕಟ್, ಅಂದರೆ ಶಾಟುಗಳನ್ನು ಮೊದಲ ಸಲ ಜೋಡಿಸಿದ್ದು, ಇಪ್ಪತ್ತೊಂದು ನಿಮಿಷ ಬಂತು! ಯಾಕೆಂದರೆ "ಟೈಲರ್ ಸ್ಕೂಟರ್ ಹತ್ತಿ ವಿಳಾಸ ಹುಡುಕುತ್ತಾ ಹೋಗುತ್ತಾನೆ" ಅನ್ನೋದು ಪುಟದಲ್ಲಿ ಒಂದೇ ಸಾಲು. ತೆರೆ ಮೇಲೆ ಎರಡೂವರೆ ನಿಮಿಷ.

ಹಾಗಾಗಿ ಪುಟ ಎಣಿಸಬೇಡಿ. ಒಬ್ಬರು ಓದಿ, ಇಬ್ಬರು ಎದ್ದು ನಿಂತು ನಡೆದು ಮಾಡಿ ತೋರಿಸಿ, ಇನ್ನೊಬ್ಬರು ಫೋನಲ್ಲಿ ಸ್ಟಾಪ್‌ವಾಚ್ ಹಿಡಿಯಿರಿ. ನಗು ಬರುತ್ತದೆ, ಪರವಾಗಿಲ್ಲ.

ಗಟ್ಟಿಯಾಗಿ ಓದೋದರಿಂದ ಇನ್ನೊಂದು ಲಾಭ. ನಮ್ಮ ಸ್ಕ್ರಿಪ್ಟಲ್ಲಿ ಟೈಲರ್ ಹೀಗೆ ಹೇಳುತ್ತಿದ್ದ: "ನಾನು ನಿಮಗಾಗಿ ಐದು ವರ್ಷಗಳಿಂದ ಕಾಯುತ್ತಿದ್ದೇನೆ." ಓದುವಾಗ ನಟರೇ ನಕ್ಕುಬಿಟ್ಟರು. "ಟೈಲರ್ ಹೀಗೆ ಮಾತಾಡ್ತಾನೇನ್ರೋ? ಇದು ಹರಿಶ್ಚಂದ್ರ ನಾಟಕ ಆಯ್ತು." ಕೊನೆಗೆ ಉಳಿದದ್ದು, "ಎಲ್ ಹೋಗ್ಬಿಟ್ರಿ ಸಾರ್? ನಿಮ್ ಶರ್ಟು ಹಂಗೇ ಐತೆ." ಬರೆಯುವಾಗ ನಮ್ಮ ಕೈ ತಾನಾಗಿಯೇ ಪಠ್ಯಪುಸ್ತಕದ ಕನ್ನಡಕ್ಕೆ ಹೋಗುತ್ತದೆ, ಕಿವಿಯೇ ಅದನ್ನು ತಿದ್ದಬೇಕು. ಪಾತ್ರದ ಊರು, ಕೆಲಸ, ವಯಸ್ಸು ಮೂರನ್ನೂ ಕೇಳಿಕೊಂಡು ಪ್ರತಿ ಮಾತನ್ನೂ ಒಮ್ಮೆ ಬಾಯಲ್ಲಿ ಹೇಳಿ ನೋಡಿ.

ನಾಟಕದಿಂದ ಬಂದ ನಟರ ಬಗ್ಗೆ ಒಂದು ಮಾತು. ಸಮಯಕ್ಕೆ ಬರುತ್ತಾರೆ, ಮಾತು ಬಾಯಿಪಾಠ ಮಾಡಿರುತ್ತಾರೆ, ಹತ್ತನೇ ಟೇಕಿಗೂ ಗೊಣಗುವುದಿಲ್ಲ. ಆದರೆ ಕೊನೇ ಸಾಲಿನವರಿಗೆ ಕೇಳಿಸುವ ಅಭ್ಯಾಸ ಅವರಿಗೆ. ನಮ್ಮವರಿಗೆ "ಸಣ್ಣಗೆ ಮಾತಾಡಿ ಸಾರ್" ಅಂದರೆ ಬೇಸರವಾಗುತ್ತಿತ್ತು. "ಪಕ್ಕದಲ್ಲಿ ಮಗು ಮಲಗಿದೆ ಅಂದ್ಕೊಳ್ಳಿ ಸಾರ್" ಅಂದ ಮೇಲೆ ಸರಿಹೋಯಿತು.

ಲೊಕೇಶನ್: ಶೂಟ್ ಮಾಡುವ ಹೊತ್ತಿಗೇ ಹೋಗಿ ನೋಡಿ

ನಾವು ಅಂಗಡಿ ನೋಡೋಕೆ ಹೋಗಿದ್ದು ಕಾಲೇಜು ಮುಗಿಸಿ, ಸಂಜೆ ಆರಕ್ಕೆ. ಬೀದಿ ಶಾಂತ. ಹಳೇ ಮರದ ಬಾಗಿಲು, ಗೋಡೆ ತುಂಬ ದಾರದ ಉಂಡೆಗಳು. ಎಲ್ಲರೂ ಫೋಟೊ ಹೊಡೆದುಕೊಂಡು ಖುಷಿಯಾಗಿ ಬಂದೆವು.

ಶೂಟಿಂಗ್ ದಿನ ಬೆಳಗ್ಗೆ ಒಂಬತ್ತು. ಮೊದಲ ಶಾಟಿಗೆ "ಆ್ಯಕ್ಷನ್" ಅನ್ನುವುದಕ್ಕೂ ಎದುರುಗಡೆ ಹಿಟ್ಟಿನ ಗಿರಣಿ ಶುರುವಾಗುವುದಕ್ಕೂ ಸರಿಹೋಯಿತು. ಸಂಜೆ ಅದರ ಷಟರ್ ಎಳೆದಿತ್ತು, ನಾವು ಬೋರ್ಡು ಕೂಡ ಓದಿರಲಿಲ್ಲ. ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ರಾಗಿ, ಗೋಧಿ, ಸಾಂಬಾರ್ ಪುಡಿ. ಗಿರಣಿಯವರನ್ನು ಹೋಗಿ ಕೇಳಿದೆವು. ಪಾಪ, ಒಳ್ಳೆಯವರೇ. "ಹತ್ತು ನಿಮಿಷ ನಿಲ್ಲಿಸ್ತೀನಿ, ಆದ್ರೆ ಕ್ಯೂನಲ್ಲಿರೋ ಹೆಂಗಸರಿಗೆ ನೀವೇ ಹೇಳಿ" ಅಂದರು. ನಾವು ಹೇಳಲಿಲ್ಲ.

ಬೆಳಕೂ ಅಷ್ಟೇ. ಆ ಅಂಗಡಿ ಪೂರ್ವಕ್ಕೆ ಮುಖ. ಬೆಳಗ್ಗೆ ಬಿಸಿಲು ನೇರವಾಗಿ ಮಷಿನ್ ಮೇಲೆ ಬೀಳುತ್ತದೆ, ನೋಡೋಕೆ ಅದ್ಭುತ. ಹತ್ತೂವರೆಗೆಲ್ಲ ಹೊಸ್ತಿಲಿಗೆ ಹೋಗಿಬಿಡುತ್ತದೆ. ನಾವು ಒಂದೇ ದೃಶ್ಯದ ಅರ್ಧ ಭಾಗ ಬಿಸಿಲಲ್ಲಿ, ಅರ್ಧ ನೆರಳಲ್ಲಿ ತೆಗೆದೆವು. ಅದನ್ನು ಎಡಿಟಿಂಗ್‌ನಲ್ಲಿ ಸರಿಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನೋಡೋಕೆ ಹೋದಾಗ ಮಾಡಬೇಕಾದದ್ದು ಇದು. ಶೂಟ್ ಮಾಡುವ ದಿನದಂಥದ್ದೇ ದಿನ, ಅದೇ ಹೊತ್ತಿಗೆ ಹೋಗಿ. ಸಂತೆ ದಿನ, ಶಾಲೆ ಬಿಡುವ ಹೊತ್ತು, ದೇವಸ್ಥಾನದ ಮೈಕು, ಎಲ್ಲ ವಿಚಾರಿಸಿಕೊಳ್ಳಿ. ಐದು ನಿಮಿಷ ಕಣ್ಣು ಮುಚ್ಚಿ ಸುಮ್ನೆ ಕೂತುಕೊಳ್ಳಿ, ಏನೇನು ಕೇಳಿಸಿತೋ ಅಷ್ಟನ್ನೂ ಬರೆದುಕೊಳ್ಳಿ. ಫ್ಯಾನು, ಫ್ರಿಜ್ಜು, ಪಕ್ಕದ ಮನೆ ಕುಕ್ಕರ್, ನಾಯಿ. ಎಷ್ಟು ಪ್ಲಗ್ ಪಾಯಿಂಟ್ ಇದೆ, ಶೌಚಾಲಯ ಎಲ್ಲಿ, ಇದನ್ನೂ ನೋಡಿ. ಹುಡುಗಿಯರು ಟೀಮಲ್ಲಿದ್ದರೆ ಎರಡನೆಯದನ್ನು ಮೊದಲು ನೋಡಿ.

ಅನುಮತಿ ವಿಷಯ ಬೇಗ ಮುಗಿಸುತ್ತೇನೆ. ಖಾಸಗಿ ಜಾಗಕ್ಕೆ ಮಾಲೀಕರ ಒಪ್ಪಿಗೆ, ಸಾಧ್ಯವಾದರೆ ಒಂದು ಸಾಲು ಬರಹದಲ್ಲಿ. ಬೀದಿಯಲ್ಲಿ ಮಾಡುವಾಗ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿ, ಹತ್ತಿರದ ಠಾಣೆಗೆ ಕೊಟ್ಟು ಒಂದು ಪ್ರತಿ ಜೇಬಲ್ಲಿ ಇಟ್ಟುಕೊಳ್ಳಿ. ರೈಲ್ವೆ ಸ್ಟೇಷನ್ನು, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮುಂಚಿತವಾಗಿ ಅನುಮತಿ ತಗೊಳ್ಳದೆ ಟ್ರೈಪಾಡ್ ಬಿಚ್ಚಬೇಡಿ. ಡ್ರೋನ್ ಆಸೆ ಬಿಡಿ. ಟೈಲರ್ ಅಂಗಡಿ ಕಥೆಗೆ ಆಕಾಶದಿಂದ ಏನು ನೋಡ್ತೀರಿ?

ದುಡ್ಡು, ಊಟ

ನಮ್ಮ ಖರ್ಚು 18,400 ರೂಪಾಯಿ. ಲೆನ್ಸು, ಗಿಂಬಲ್ ಬಾಡಿಗೆ 6,500. ಊಟ, ಕಾಫಿ 5,200. ನಟರಿಗೆ ಗೌರವಧನ 3,000. ಆಟೊ, ಪೆಟ್ರೋಲು 2,100. ಶರ್ಟು, ಬಟ್ಟೆ, ಸಣ್ಣಪುಟ್ಟ ಸಾಮಾನು 900. ಥರ್ಮಾಕೋಲ್, ಟೇಪು, ಸೆಲ್ಲು 700. ಕ್ಯಾಮೆರಾ ಕಾಲೇಜಿನದು.

ಈ ಪಟ್ಟಿಯಲ್ಲಿ ಏನಿಲ್ಲ ನೋಡಿ. ಸೌಂಡಿಗೆ ಸೊನ್ನೆ. ಗಿಂಬಲ್ಲು ಬಂದದ್ದು ಒಂದೇ ಶಾಟಿಗೆ, ಆ ಶಾಟು ಸಿನಿಮಾದಲ್ಲಿ ಇಲ್ಲ.

ಊಟದಲ್ಲಿ ಜಿಪುಣತನ ಬೇಡ. ಮೊದಲ ದಿನ ಮಧ್ಯಾಹ್ನದ ಊಟ ಮೂರೂವರೆಗೆ ಬಂತು. ಆ ಹೊತ್ತಿಗೆ ಕ್ಯಾಮೆರಾ ಹಿಡಿದವನಿಗೂ ನಿರ್ದೇಶಕಿಗೂ ಮಾತು ನಿಂತುಹೋಗಿತ್ತು. ಇಬ್ಬರಿಗೂ ಜಗಳ ಫ್ರೇಮಿನ ಬಗ್ಗೆ ಅಂತ ಅನಿಸಿತ್ತು, ಅಸಲಿಗೆ ಅದು ಹಸಿವು. ಎರಡನೇ ದಿನ ಒಬ್ಬರ ಮನೆಯಿಂದ ಬಿಸಿಬೇಳೆಬಾತು, ಮೊಸರನ್ನ ಡಬ್ಬಿಯಲ್ಲಿ ತಂದೆವು, ಒಂದು ಗಂಟೆಗೆ ಸರಿಯಾಗಿ ಊಟ. ಅವತ್ತು ಹೆಚ್ಚು ಶಾಟು ಮುಗಿಯಿತು.

ಶಾಟ್ ಲಿಸ್ಟ್: ನಕ್ಷತ್ರ ಹಾಕಿ

ಎರಡು ದಿನಕ್ಕೆ 62 ಶಾಟು ಬರೆದುಕೊಂಡು ಹೋದೆವು. ಮೊದಲ ದಿನ ಆದದ್ದು 17. ಹೊಸ ಟೀಮಿಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಆದರೆ ಚೆನ್ನಾಗಿ ಆಯಿತು ಅಂತಲೇ ಅರ್ಥ.

ಲಿಸ್ಟ್ ಬರೆದ ಮೇಲೆ, ಯಾವುದಿಲ್ಲದೆ ಕಥೆಯೇ ನಿಲ್ಲುವುದಿಲ್ಲವೋ ಅವಕ್ಕೆ ಮಾತ್ರ ನಕ್ಷತ್ರ ಹಾಕಿ. ನಮಗೆ ಬಂದದ್ದು ಹತ್ತೊಂಬತ್ತು. ಅದನ್ನು ಮೊದಲು ತೆಗೆಯಿರಿ, ಬಾಕಿಯದು ಟೈಮಿದ್ದರೆ. ಪ್ರತಿ ದೃಶ್ಯಕ್ಕೂ ಒಂದು ಪೂರ್ತಿ ಮಾಸ್ಟರ್ ಶಾಟ್, ಅಂದರೆ ಇಡೀ ದೃಶ್ಯ ಎಲ್ಲರೂ ಕಾಣುವ ಹಾಗೆ ಒಂದೇ ಶಾಟಲ್ಲಿ, ಇರಲಿ. ಎಲ್ಲ ಕೈಕೊಟ್ಟರೂ ಅದೊಂದನ್ನು ಇಟ್ಟುಕೊಂಡು ದೃಶ್ಯ ಉಳಿಸಬಹುದು. ಆದರೆ ವಯಸ್ಸಾದ ನಟರಿದ್ದರೆ ಅವರ ಕ್ಲೋಸಪ್ ಬೆಳಗ್ಗೆಯೇ ಮುಗಿಸಿ. ಸಂಜೆ ಐದರ ಹೊತ್ತಿಗೆ ನಮ್ಮ ಟೈಲರ್ ಕಣ್ಣಲ್ಲಿ ಇದ್ದದ್ದು ಪಾತ್ರದ ದುಃಖ ಅಲ್ಲ, ಬೆನ್ನುನೋವು.

ಇಬ್ಬರು ಎದುರುಬದುರು ಮಾತಾಡುವಾಗ ಅವರ ನಡುವೆ ನೆಲದ ಮೇಲೆ ಒಂದು ಗೆರೆ ಎಳೆದ ಹಾಗೆ ಅಂದುಕೊಳ್ಳಿ, ಕ್ಯಾಮೆರಾ ಗೆರೆಯ ಒಂದೇ ಪಕ್ಕದಲ್ಲಿರಲಿ. ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಾ ಮಾತಾಡಿದ ಹಾಗೆ ಕಾಣುತ್ತದೆ. ನಾವು ನೆಲಕ್ಕೆ ಟೈಲರ್ ಸೀಮೆಸುಣ್ಣದಲ್ಲಿ ನಿಜವಾಗಿಯೂ ಗೆರೆ ಎಳೆದೆವು. ನಾಚಿಕೆ ಏನಿಲ್ಲ.

ಬೆಳಕು: ಅಂಗಡಿಯ ಕನ್ನಡಿಯೇ ಸಾಕು

ಫೋನಲ್ಲಿ ತೆಗೆದರೂ ನಡೆಯುತ್ತದೆ. ಆದರೆ ಆಟೊಮ್ಯಾಟಿಕ್ ಬಿಟ್ಟರೆ, ಪಾತ್ರ ಬಾಗಿಲ ಕಡೆ ತಿರುಗಿದ ಕೂಡಲೇ ಇಡೀ ಅಂಗಡಿ ಕತ್ತಲಾಗುತ್ತದೆ. ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಂತ ಉಚಿತ ಆ್ಯಪ್ ಇದೆ, ಐಫೋನಿಗೂ ಆ್ಯಂಡ್ರಾಯ್ಡಿಗೂ. ನಿಮ್ಮ ಫೋನಿಗೆ ಅದು ಬರುತ್ತಾ ನೋಡಿಕೊಳ್ಳಿ.

ಟ್ಯೂಬ್‌ಲೈಟ್ ಕೆಳಗೆ ತೆಗೆದಾಗ ಪಟ್ಟೆಪಟ್ಟೆಯಾಗಿ ಮಿಣುಕುತ್ತದಲ್ಲ, ಅದಕ್ಕೆ ಕಾರಣ ಇದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50 ಇಟ್ಟರೆ ಆ ಲಯಕ್ಕೆ ಕೂಡಿಕೊಳ್ಳುತ್ತದೆ. 30 ಫ್ರೇಮ್, 1/60 ಇಟ್ಟರೆ ಮಿಣುಕು ಹಿಡಿಯುತ್ತದೆ. ಕೆಲವು ಅಗ್ಗದ ಎಲ್‌ಇಡಿ ಬಲ್ಬು ಏನು ಮಾಡಿದರೂ ಮಿಣುಕುತ್ತವೆ, ಅವನ್ನು ಆರಿಸಿಬಿಡಿ.

ಅಂಗಡಿಯ ಒಳಗೆ ಬೆಳಕು ಸಾಲುತ್ತಿರಲಿಲ್ಲ. ಲೈಟು ಬಾಡಿಗೆಗೆ ದುಡ್ಡಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಟ್ರಯಲ್ ನೋಡುವ ನಿಲುವುಗನ್ನಡಿ. ಇಬ್ಬರು ಅದನ್ನು ಬೀದಿಗೆ ಹೊತ್ತು ತಂದು, ಬಿಸಿಲು ಹಿಡಿದು, ಒಳಗೆ ಗೋಡೆಗೆ ಒರಗಿಸಿದ ಥರ್ಮಾಕೋಲ್ ಮೇಲೆ ಬಿಟ್ಟೆವು. ಥರ್ಮಾಕೋಲಿಗೆ ತಾಗಿ ಚದುರಿದ ಬೆಳಕು ಮುಖಕ್ಕೆ ಮೆತ್ತಗೆ ಬಂತು. ಕನ್ನಡಿಯಿಂದ ನೇರವಾಗಿ ಮುಖಕ್ಕೆ ಬಿಡಬೇಡಿ, ನಟರ ಕಣ್ಣು ಹೋಗುತ್ತದೆ. ಈ ಉಪಾಯ ನಮ್ಮದೇ ಅಂತ ಬೀಗುತ್ತಿದ್ದೆವು. ಆಮೇಲೆ ಮೇಷ್ಟ್ರು ಹೇಳಿದರು, ಮೈಸೂರಿನವರೇ ಆದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರಲ್ಲೇ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಸ್ಟುಡಿಯೊ ಒಳಗೆ ತಂದಿದ್ದರಂತೆ. ಬೆಂಗಳೂರಿನಲ್ಲಿ ಓದಿ ಮುಂಬೈಗೆ ಹೋದವರು, 2008ರ ಫಾಲ್ಕೆ ಪ್ರಶಸ್ತಿ ಬಂದವರು. ನಮ್ಮದು ಅವರಿಂದ ಅರವತ್ತು ವರ್ಷ ಲೇಟು, ಅಷ್ಟೇ.

ಬಿಸಿಲು ಸರಿಯುತ್ತಿರುತ್ತದೆ. ಕನ್ನಡಿ ಹಿಡಿದವರು ಪ್ರತಿ ಟೇಕಿಗೂ ಸ್ವಲ್ಪ ಸ್ವಲ್ಪ ತಿರುಗಿಸಬೇಕು, ಅದೊಂದು ಕೆಲಸವೇ. ಅದಕ್ಕೆ ಅಂತ ಒಬ್ಬರನ್ನು ಇಡಿ.

ಸೌಂಡ್: ಇಲ್ಲಿ ನಿಧಾನವಾಗಿ ಓದಿ

ಟೈಲರ್ ಮಷಿನ್ ತುಳಿಯುತ್ತಾ ಮಾತಾಡುತ್ತಾನೆ ಅಂತ ಸ್ಕ್ರಿಪ್ಟಲ್ಲಿ ಇತ್ತು. ಬರೆಯುವಾಗ ತುಂಬ ಸಹಜ ಅನಿಸಿತ್ತು. ಕ್ಯಾಮೆರಾದ ಮೈಕಲ್ಲಿ ರೆಕಾರ್ಡ್ ಆದದ್ದು: ಟಕಟಕಟಕ, ಅದರ ಹಿಂದೆ ಗಿರಣಿಯ ಗುಂಯ್, ಅದರ ಹಿಂದೆ ಎಲ್ಲೋ ಬಾವಿಯಿಂದ ಬಂದ ಹಾಗೆ ಒಂದು ಮಾತು. ಅವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗಲೇ ಗೊತ್ತಾದದ್ದು. ಸೆಟ್ಟಲ್ಲಿ ನಮ್ಮ ಕಿವಿಗೆ ಮಾತು ಕೇಳಿಸುತ್ತಿತ್ತು, ಯಾಕೆಂದರೆ ಮಾತು ನಮಗೆ ಬಾಯಿಪಾಠವಾಗಿತ್ತು!

ಎರಡನೇ ದಿನ ಉಪಾಯ ಹೇಳಿಕೊಟ್ಟವರು ಅಂಗಡಿಯ ಚಿಕ್ಕಪ್ಪನೇ. ಬಾಬಿನ್ ಸುತ್ತುವಾಗ ಮಾಡುತ್ತಾರಲ್ಲ, ಬಲಗಡೆ ಚಕ್ರದ ನಡುವಿನ ತಿರುಪು ಸಡಿಲಿಸುತ್ತಾರೆ, ಹಾಗೆ ಮಾಡಿದರೆ ಚಕ್ರ ತಿರುಗುತ್ತದೆ, ಸೂಜಿ ಮಾತ್ರ ಇಳಿಯುವುದಿಲ್ಲ. ಸದ್ದು ಅರ್ಧಕ್ಕರ್ಧ ಕಡಿಮೆ. ನಟರು ಪೆಡಲ್ ತುಳಿಯುತ್ತಾ ಆರಾಮಾಗಿ ಮಾತಾಡಿದರು. ಸೂಜಿ ಓಡುವ ಕ್ಲೋಸಪ್ಪನ್ನೂ ಹೊಲಿಗೆಯ ಸದ್ದನ್ನೂ ಆಮೇಲೆ ಬೇರೆಯಾಗಿ ತೆಗೆದುಕೊಂಡೆವು. ಎಡಿಟಿಂಗ್‌ನಲ್ಲಿ ಎರಡನ್ನೂ ಸೇರಿಸಿ, ಮಾತಿನ ಹೊತ್ತಿಗೆ ಹೊಲಿಗೆ ಸದ್ದು ತಗ್ಗಿಸಿದೆವು. ಯಾವ ಕೆಲಸದ ದೃಶ್ಯವಾದರೂ ಅಷ್ಟೇ: ದೋಸೆ ಹುಯ್ಯುವುದಿರಲಿ, ಪಾತ್ರೆ ತೊಳೆಯುವುದಿರಲಿ, ಮಾತು ಬೇರೆ, ಕೆಲಸದ ಸದ್ದು ಬೇರೆ.

ದುಬಾರಿ ಮೈಕು ಇಲ್ಲದಿದ್ದರೆ ಹೀಗೆ ಮಾಡಿ. ಒಂದು ಸಾಧಾರಣ ಕಾಲರ್ ಮೈಕು ತಗೊಂಡು ಇನ್ನೊಂದು ಫೋನಿಗೆ ಸಿಕ್ಕಿಸಿ, ರೆಕಾರ್ಡರ್ ಆನ್ ಮಾಡಿ ನಟರ ಜೇಬಲ್ಲಿ ಇಡಿ. ಸೆಟ್ಟಿಂಗ್‌ನಲ್ಲಿ 48 ಕಿಲೋಹರ್ಟ್ಸ್ (ವಿಡಿಯೊ ಸದ್ದಿಗೆ ಸಾಮಾನ್ಯವಾಗಿ ಬಳಸುವ ಅಳತೆ) ಇದ್ದರೆ ಅದನ್ನೇ ಆರಿಸಿ. ಫೋನ್ ಏರ್‌ಪ್ಲೇನ್ ಮೋಡಿನಲ್ಲಿ ಇರಲೇಬೇಕು. ನಮ್ಮ ಅತ್ಯುತ್ತಮ ಟೇಕಿನ ಮಧ್ಯೆ ನಟರ ಮಗಳು ಫೋನ್ ಮಾಡಿದಳು, "ಅಪ್ಪಾ, ಬಿಪಿ ಮಾತ್ರೆ ತಗೊಂಡ್ರಾ?" ರೆಕಾರ್ಡಿಂಗ್ ಅಲ್ಲಿಗೇ ನಿಂತಿತು. ಮೈಕಿನ ಹತ್ತಿರ ಗರಿಗರಿ ಇಸ್ತ್ರಿಯ ಕಾಟನ್ ಬಟ್ಟೆ ಬೇಡ, ಉಸಿರಾಡಿದರೂ ಸರಸರ ಅನ್ನುತ್ತದೆ.

ಪ್ರತಿ ಟೇಕಿಗೂ ಶುರುವಿನಲ್ಲಿ ಕ್ಯಾಮೆರಾಗೆ ಕಾಣುವ ಹಾಗೆ ಒಂದು ಚಪ್ಪಾಳೆ ಹೊಡೆಯಿರಿ, ದೃಶ್ಯ ಎಷ್ಟು, ಟೇಕ್ ಎಷ್ಟು ಅಂತ ಬಾಯಲ್ಲಿ ಹೇಳಿ. ಕ್ಯಾಮೆರಾ ಸದ್ದನ್ನೂ ಫೋನಿನ ಸದ್ದನ್ನೂ ಕೂಡಿಸುವುದು ಆ ಚಪ್ಪಾಳೆಯಿಂದಲೇ. ಒಬ್ಬರಿಗೆ ಹೆಡ್‌ಫೋನ್ ಹಾಕಿ ಕೂರಿಸಿ, "ಸೌಂಡ್ ಸರಿಯಿಲ್ಲ, ಇನ್ನೊಂದು" ಅನ್ನುವ ಅಧಿಕಾರ ಅವರಿಗೆ ಕೊಡಿ. ಅದಕ್ಕೆ ಟೀಮಲ್ಲಿ ಮುಲಾಜಿಲ್ಲದ ವ್ಯಕ್ತಿಯೇ ಬೇಕು.

ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ನಿಂತು ಒಂದು ನಿಮಿಷ ಆ ಜಾಗದ ಖಾಲಿ ಸದ್ದು ರೆಕಾರ್ಡ್ ಮಾಡಿ. ಮಾತಿನ ಮಧ್ಯೆ ಕಟ್ ಮಾಡಿದಾಗ ಸದ್ದಿನಲ್ಲಿ ತೂತು ಬೀಳುತ್ತದಲ್ಲ, ಅದಕ್ಕೆ ತೇಪೆ ಹಾಕೋಕೆ ಬೇಕಾಗುವುದು ಇದೇ.

ಇನ್ನು ಗಿರಣಿ ಕಥೆ. ಮೊದಲ ದಿನದ ಮಾತುಗಳೆಲ್ಲ ಹಾಳಾಗಿದ್ದವು. ಡಬ್ಬಿಂಗ್ ಪ್ರಯತ್ನಿಸಿದೆವು, ತುಟಿಗೂ ಮಾತಿಗೂ ಕೂಡಿಬರಲಿಲ್ಲ, ನಟರೂ ಸಪ್ಪೆಯಾಗಿ ಹೇಳಿದರು. ಒಂದು ದಿನ ಪ್ಯಾಚ್‌ವರ್ಕ್, ಅಂದರೆ ಹಾಳಾದದ್ದನ್ನು ಮತ್ತೆ ತೆಗೆಯುವ ಕೆಲಸ, ಮಾಡಲೇಬೇಕಿತ್ತು. ಯಾವ ದಿನ? ಗಿರಣಿ ರಜಾ ಮಾಡುವ ದಿನ ಅಂಗಡಿಗೂ ರಜಾ, ಚಿಕ್ಕಪ್ಪ ಊರಲ್ಲಿರುವುದಿಲ್ಲ. ಆಗ ನಮ್ಮ ಸೌಂಡ್ ಹುಡುಗಿ ಪೇಪರಿನ ಒಳಪುಟ ತೆಗೆದು ತೋರಿಸಿದಳು. ‘ವಿದ್ಯುತ್ ವ್ಯತ್ಯಯ: ಬೆಳಿಗ್ಗೆ 10ರಿಂದ ಸಂಜೆ 5’, ಕೆಳಗೆ ಬಡಾವಣೆಗಳ ಪಟ್ಟಿ. ಅದರಲ್ಲಿ ನಮ್ಮ ಬೀದಿ ಬರುವ ದಿನಕ್ಕೆ ಕಾದೆವು. ಅವತ್ತು ಗಿರಣಿ ಇಲ್ಲ, ಫ್ಯಾನಿಲ್ಲ, ಫ್ರಿಜ್ಜಿಲ್ಲ, ಮಿಕ್ಸಿ ಇಲ್ಲ, ಪಕ್ಕದ ಮನೆ ಟೀವಿ ಇಲ್ಲ. ಬ್ಯಾಟರಿಗಳನ್ನೆಲ್ಲ ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ, ಕನ್ನಡಿ, ಥರ್ಮಾಕೋಲಿನ ಬೆಳಕಿನಲ್ಲೇ ಇಡೀ ದಿನ ಮಾತಿನ ದೃಶ್ಯ ತೆಗೆದೆವು. ಮೈಕು, ರೆಕಾರ್ಡರ್ ಬಾಡಿಗೆ, ಊಟ ಸೇರಿ, ಮೊದಲು ಹೇಳಿದ ಖರ್ಚಿನ ಮೇಲೆ ಇನ್ನೂ 2,300 ರೂಪಾಯಿ. ಗಿಂಬಲ್ ದುಡ್ಡಲ್ಲಿ ಇದನ್ನು ಮೊದಲೇ ಮಾಡಬಹುದಿತ್ತು. ಸಣ್ಣ ಊರು, ಹಳೇ ಬಡಾವಣೆಗಳಲ್ಲಿ ಶೂಟ್ ಮಾಡುವವರು ಈ ಪ್ರಕಟಣೆಗಳನ್ನು ಕತ್ತರಿಸಿ ಇಟ್ಟುಕೊಳ್ಳಿ.

ಕಂಟಿನ್ಯುಟಿ: ಕ್ಯಾಲೆಂಡರ್ ಹರಿದ ಹುಡುಗ

ಕಂಟಿನ್ಯುಟಿ ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲ ಹಾಗೇ ಇರುವುದು. ಅಂಗಡಿಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಮೊದಲ ದಿನ ಅದರಲ್ಲಿ 14. ಎರಡನೇ ದಿನ ಬೆಳಗ್ಗೆ ಅಂಗಡಿಯ ಹುಡುಗ ಬಂದು, ದಿನಾ ಮಾಡುವ ಹಾಗೆ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಹಾಳೆ ಹರಿದು ಬಿಸಾಕಿದ. 15 ಆಯಿತು. ನಾವ್ಯಾರೂ ನೋಡಲಿಲ್ಲ. ದೃಶ್ಯ ಒಂದೇ, ಶಾಟುಗಳು ಎರಡು ದಿನದವು. ಕೂಡಿಸಿದಾಗ 14, 15, 14, 15 ಅಂತ ಕುಣಿಯೋಕೆ ಶುರುವಾಯಿತು. ಕೆಲವನ್ನು ಜೂಮ್ ಮಾಡಿ ತಪ್ಪಿಸಿದೆವು, ಒಂದು ಮಾತ್ರ ಉಳಿದುಬಿಟ್ಟಿತು.

ಗೋಡೆ ಗಡಿಯಾರದ ಸೆಲ್ ತೆಗೆದುಬಿಡಿ. ಟಿಕ್ ಟಿಕ್ಕೂ ಹೋಗುತ್ತದೆ. ಪ್ರತಿ ಶಾಟ್ ಮುಗಿದಾಗ ಫೋನಲ್ಲಿ ಒಂದು ಫೋಟೊ: ಟೇಪು ಕೊರಳಿನ ಯಾವ ಕಡೆ, ಲೋಟದಲ್ಲಿ ಕಾಫಿ ಎಷ್ಟು, ತೋಳು ಮಡಿಚಿದೆಯಾ. ಕನ್ನಡಿ ಇರುವ ಜಾಗದಲ್ಲಿ ರೋಲ್ ಮಾಡುವ ಮುಂಚೆ ಒಬ್ಬರು ಕನ್ನಡಿಯನ್ನೇ ನೋಡಬೇಕು, ಕ್ಯಾಮೆರಾದವನ ಮೊಣಕೈ ಅದರಲ್ಲಿ ಕಾಣುತ್ತಿರುತ್ತದೆ.

ಪ್ರತಿ ರಾತ್ರಿ ಕಾಪಿ

ಸೆಕೆಂಡಿಗೆ 100 ಮೆಗಾಬಿಟ್ಟಿನ 4ಕೆ ವಿಡಿಯೊ ಅಂದರೆ ನಿಮಿಷಕ್ಕೆ ಸುಮಾರು 750 ಎಂಬಿ, ಗಂಟೆಗೆ 45 ಜಿಬಿ. ಮೊದಲೇ ಲೆಕ್ಕ ಹಾಕಿ ಕಾರ್ಡು ತಗೊಳ್ಳಿ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ 4ಕೆ ಬಿಟ್ಟು 1080ರಲ್ಲೇ (ಫುಲ್ ಎಚ್‌ಡಿ) ತೆಗೆಯಿರಿ, ಯಾರೂ ಕೇಳುವುದಿಲ್ಲ. ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಆಗಿ, ಕೆಲವು ಫೈಲು ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಬೇಡ. ಎರಡು ಡಿಸ್ಕೂ ಒಂದೇ ಬ್ಯಾಗಲ್ಲಿ ಬೇಡ.

ಎಡಿಟಿಂಗ್

ಕುಂಬಳಕಾಯಿ ಒಡೆದ ಮೇಲೆ ಒಂದು ವಾರ ಯಾರೂ ಮುಟ್ಟಬೇಡಿ. ತೆಗೆಯುವಾಗ ಪಟ್ಟ ಕಷ್ಟ ಮರೆಯಬೇಕು. ಬಿಸಿಲಲ್ಲಿ ಸ್ಕೂಟರ್ ಹಿಂದೆ ಆಟೊದಲ್ಲಿ ನೇತಾಡಿಕೊಂಡು ತೆಗೆದ ಶಾಟನ್ನು ಕತ್ತರಿಸೋಕೆ ನಮಗೆ ಮೂರು ವಾರ ಹಿಡಿಯಿತು. ಅದು ಹೋದ ಮೇಲೆ ಸಿನಿಮಾ ಉಸಿರಾಡಿತು. ಇಪ್ಪತ್ತೊಂದು ನಿಮಿಷ ಇದ್ದದ್ದು 11 ನಿಮಿಷ 40 ಸೆಕೆಂಡಿಗೆ ಬಂತು.

ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಇಷ್ಟಕ್ಕೆಲ್ಲ ಧಾರಾಳ ಸಾಕು. ಮೊದಲು ಮಾತು, ಕಥೆ ಕೂಡಿಸಿ. ಬಣ್ಣ, ಸಂಗೀತ ಆಮೇಲೆ. ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, "ಹೇಗಿದೆ?" ಅಂತ ಕೇಳಬೇಡಿ. "ಚೆನ್ನಾಗಿದೆ" ಅಂದುಬಿಡುತ್ತಾರೆ, ನಮ್ಮ ಜನ ಮುಖ ನೋಡಿ ಇನ್ನೇನು ಹೇಳ್ತಾರೆ. "ಏನಾಯ್ತು ಹೇಳಿ" ಅನ್ನಿ. ನಮ್ಮ ಅತ್ತೆ ಒಬ್ಬರು ನೋಡಿ, "ಶರ್ಟಿನವನು ಟೈಲರ್ ಮಗ ಅಲ್ವಾ?" ಅಂದರು. ಅಲ್ಲವೇ ಅಲ್ಲ. ಯಾಕೆ ಹಾಗನಿಸಿತು ಅಂತ ಕೆದಕಿದಾಗ ಎರಡು ಶಾಟ್ ಅದಲುಬದಲಾಗಿರೋದು ತಿಳಿಯಿತು.

ಹಾಡು ಮತ್ತು ಹಕ್ಕು

ಟೈಲರ್ ಅಂಗಡಿ ಅಂದರೆ ರೇಡಿಯೊ ಇರಲೇಬೇಕು, ಅದು ಹಾಡುತ್ತಿದ್ದರೆ ಚೆಂದ ಅಂತ ಮೊದಲ ದಿನ ಹಾಗೇ ಬಿಟ್ಟಿದ್ದೆವು. ಎರಡು ತೊಂದರೆ. ಮಾತಿನ ಮಧ್ಯೆ ಕಟ್ ಮಾಡಿದಾಗೆಲ್ಲ ಹಿಂದಿನ ಹಾಡು ಪಲ್ಲವಿಯಿಂದ ಚರಣಕ್ಕೆ ನೆಗೆಯುತ್ತದೆ. ಎರಡನೆಯದು, ಅದು ಸಿನಿಮಾ ಹಾಡು, ನಿಮ್ಮದಲ್ಲ. ಯೂಟ್ಯೂಬಿಗೆ ಹಾಕಿದರೆ ಯಂತ್ರವೇ ಹಿಡಿಯುತ್ತದೆ, ಸ್ಪರ್ಧೆಗೆ ಕಳಿಸಿದರೆ ಹಕ್ಕಿನ ಪತ್ರ ಕೇಳಬಹುದು.

ಪುರಂದರದಾಸರ ಪದ, ವಚನ ಹಾಕಬಹುದಲ್ಲ ಅಂತೀರಾ? ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ, ನಿಜ. ಆದರೆ ಒಬ್ಬ ಗಾಯಕರು ಹಾಡಿ ಕಂಪನಿ ಬಿಡುಗಡೆ ಮಾಡಿದ ರೆಕಾರ್ಡಿಂಗ್‌ಗೆ ಹಕ್ಕಿದೆ. ನಮ್ಮ ಕಾಯ್ದೆಯಲ್ಲಿ ಅದು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ಹಾಗಾಗಿ ಕ್ಲಾಸಲ್ಲಿ ಹಾಡೋ ಹುಡುಗಿ ಇದ್ದೇ ಇರುತ್ತಾಳೆ, ಅವಳಿಂದ ಹಾಡಿಸಿ, ಒಪ್ಪಿಗೆ ಬರೆಸಿಕೊಳ್ಳಿ. ನಾವು ಹಾಗೇ ಮಾಡಿ, ಸಣ್ಣ ಸ್ಪೀಕರಿನಲ್ಲಿ ಹಾಕಿ ಮತ್ತೆ ರೆಕಾರ್ಡ್ ಮಾಡಿದೆವು. ರೇಡಿಯೊ ಥರವೇ ಕೇಳಿಸಿತು.

ತೋರಿಸುವುದು ಎಲ್ಲಿ

ಮುಗಿದ ರಾತ್ರಿಯೇ ಯೂಟ್ಯೂಬಿಗೆ ಹಾಕಬೇಡಿ. ಕೆಲವು ಚಿತ್ರೋತ್ಸವಗಳು ಆನ್‌ಲೈನಿನಲ್ಲಿ ಬಂದದ್ದನ್ನು ತಗೊಳ್ಳುವುದಿಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಿಂದ ನಡೆಯುತ್ತಿದೆ, ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೇ ಒಂದು ಉತ್ಸವ ಇದೆ. ಉತ್ಸವಗಳಿಗೆ ಚಿತ್ರ ಕಳಿಸುವ ಫಿಲ್ಮ್‌ಫ್ರೀವೇ ತಾಣದಲ್ಲಿ ನೂರಾರು ಸಿಗುತ್ತವೆ, ಆದರೆ ಅದರಲ್ಲಿ ಫೀಸು ತಗೊಂಡು ಎಲ್ಲರಿಗೂ ಸರ್ಟಿಫಿಕೇಟ್ ಹಂಚುವವೂ ಇವೆ. ತೆರೆ ಮೇಲೆ ನಿಜವಾಗಿ ತೋರಿಸುತ್ತಾರಾ ಅಂತ ನೋಡಿ ದುಡ್ಡು ಕಟ್ಟಿ.

ಇಂಗ್ಲಿಷ್ ಸಬ್‌ಟೈಟಲ್ ಬೇಕಾಗುತ್ತದೆ. ಎರಡು ಸಾಲಿಗಿಂತ ಜಾಸ್ತಿ ಬೇಡ. ಮಾತಿಗೆ ಮಾತು ಇಡೋಕೆ ಹೋಗಬೇಡಿ. ‘ಹೋಗಿ ಬರ್ತೀನಿ’ಯನ್ನು ನಾವು ಮೊದಲು ಹಾಗೇ ಇಂಗ್ಲಿಷಿಗೆ ಇಳಿಸಿದ್ದೆವು. ನೋಡಿದ ಹೊರರಾಜ್ಯದ ಗೆಳೆಯ, "ಅವನು ವಾಪಸ್ ಬರೋ ಸೀನ್ ಎಲ್ಲಿ?" ಅಂತ ಕೇಳಿದ.

ಜಾಗ ಕೊಟ್ಟವರಿಗೆ, ಹಿಟ್ಟಿನ ಗಿರಣಿಯವರಿಗೂ, ಟೈಟಲ್ಲಿನಲ್ಲಿ ಕೃತಜ್ಞತೆ ಹಾಕಿ, ಅವರಿಗೆ ಖುದ್ದಾಗಿ ತೋರಿಸಿ. ನಾವು ಲ್ಯಾಪ್‌ಟಾಪ್ ಒಯ್ದು ಅಂಗಡಿಯ ಕಟಿಂಗ್ ಮೇಜಿನ ಮೇಲಿಟ್ಟೆವು. ಚಿಕ್ಕಪ್ಪ ಕತ್ತರಿ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿಕೊಂಡು, ಒಂದೂ ಮಾತಾಡದೆ ಪೂರ್ತಿ ನೋಡಿದರು. ಕಾಲೇಜಿನ ತೀರ್ಪುಗಾರರಿಗೂ ಕಾಣದ್ದು ಅವರಿಗೆ ಕಂಡಿತ್ತು.

"ಎಲ್ಲಾ ಸರಿ ಕಣ್ರೋ. ಆ ಗೋಡೇಲಿ ಹದಿನೈದನೇ ತಾರೀಕು ಹೋಗಿ ಮತ್ತೆ ಹದಿನಾಲ್ಕು ಹೆಂಗ್ ಬಂತು?"